ಜಾಗ ಬಿಟ್ಟುಕೊಡದ ವಾರೆನ್ ಮೂನ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ದೊಡ್ಡ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುತ್ತ ತಂಡ ನಡೆಸುವವನು) ಯಾರು ಅನ್ನುವ ಚರ್ಚೆ ಎದ್ದರೆ ಸಾಕು, ಎಲ್ಲರೂ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದವರಿಗೆ ಸಿಗುವ ಉಂಗುರ ಎಣಿಸಲು ಕೂರುತ್ತಾರೆ. ಆ ಲೆಕ್ಕದಲ್ಲಿ ವಾರೆನ್ ಮೂನ್ ಹೆಸರಿನ ಮುಂದೆ ಸೊನ್ನೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 17 ಸೀಸನ್ ಆಡಿದರೂ ಅವನು ಸೂಪರ್ ಬೌಲ್ ಆಡಲಿಲ್ಲ. ಅದಕ್ಕೆ ಒಂದು ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಫೈನಲ್ ಕೂಡ ಆಡಲಿಲ್ಲ. ಲೀಗ್ ಹಂತದ ನಂತರದ ನಾಕೌಟ್ ಪಂದ್ಯಗಳಾದ ಪ್ಲೇಆಫ್‌ನಲ್ಲಿ ಶುರುವಿನಿಂದ ಆಡಿದ ಹತ್ತು ಪಂದ್ಯಗಳಲ್ಲಿ ಮೂರು ಗೆಲುವು, ಏಳು ಸೋಲು.

ಆದರೂ ನನ್ನ ಮಟ್ಟಿಗೆ ಈ ಆಟದಲ್ಲಿ ಮೊದಲು ಮೂನ್, ಆಮೇಲೆ ಉಳಿದವರು. ಹೈಸ್ಕೂಲಿನ ದಿನಗಳಿಂದಲೂ ಅವನಿಗೆ ಜನ ಹೇಳುತ್ತ ಬಂದದ್ದು ಒಂದೇ ಮಾತು: ಕ್ವಾರ್ಟರ್‌ಬ್ಯಾಕ್ ಜಾಗ ಬಿಡು, ಬೇರೆ ಎಲ್ಲಾದರೂ ಆಡು. ಅವನು ಒಪ್ಪಲಿಲ್ಲ. ಒಪ್ಪದ್ದಕ್ಕೆ ದೇಶ ಬಿಟ್ಟು ಹೋಗಬೇಕಾಯಿತು, ಹೋದ. ವಾಪಸ್ ಬಂದಾಗಲೂ ಕ್ವಾರ್ಟರ್‌ಬ್ಯಾಕ್ ಆಗಿಯೇ ಬಂದ. ಯಾರ್ಡ್, ಟಚ್‌ಡೌನ್ ದಾಖಲೆಗಳೆಲ್ಲ ಆ ಹಟದ ಹಿಂದೆ ಬಂದವು ಅಂತಲೇ ನಾನು ನಂಬಿದ್ದೇನೆ.

ನಾನು ಹ್ಯೂಸ್ಟನ್‌ಗೆ ಕೆಲಸಕ್ಕೆ ಬಂದಾಗ ಮೂನ್ ಆಡಿದ ಆಯಿಲರ್ಸ್ ತಂಡ ಊರು ಬಿಟ್ಟು ವರ್ಷಗಳಾಗಿದ್ದವು. 1996ರ ಸೀಸನ್ ಮುಗಿದ ಮೇಲೆ ಮಾಲೀಕರು ತಂಡವನ್ನು ಟೆನೆಸಿಗೆ ಎತ್ತಿಕೊಂಡು ಹೋದರು, ಅಲ್ಲಿ ಅದು ಟೈಟನ್ಸ್ ಆಯಿತು. ನಮ್ಮ ಪೈಪಿಂಗ್ ವಿಭಾಗದಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರೊಬ್ಬರಿದ್ದರು, ಹುಟ್ಟಿ ಬೆಳೆದದ್ದೆಲ್ಲ ಹ್ಯೂಸ್ಟನ್‌ನಲ್ಲೇ. ಆಯಿಲರ್ಸ್ ಆಡುತ್ತಿದ್ದ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಸೀಸನ್ ಟಿಕೆಟ್ ಇಟ್ಟುಕೊಂಡಿದ್ದವರು. ಡ್ರಾಯಿಂಗ್ ಚೆಕ್ ಮಾಡುತ್ತ ಮಾಡುತ್ತ ನನಗೆ ಆಟ ಕಲಿಸಿದ್ದು ಅವರೇ. ಮೂರನೇ ಡೌನ್, ಎಂಟು ಯಾರ್ಡ್ ಬೇಕು, ನೀನಾಗಿದ್ದರೆ ಏನು ಮಾಡುತ್ತೀಯ ಅಂತ ಕೇಳುವರು. ನಾನು ಏನೇ ಹೇಳಲಿ, ಅವರ ಉತ್ತರ ಮಾತ್ರ ಮೂನ್ ಏನು ಮಾಡುತ್ತಿದ್ದ ಅನ್ನುವುದರಲ್ಲೇ ಮುಗಿಯುತ್ತಿತ್ತು. ಮೊದಲು ಅವರ ಸಲುವಾಗಿ ಹಳೆಯ ಪಂದ್ಯಗಳ ರೆಕಾರ್ಡಿಂಗ್ ನೋಡಿದೆ. ಆಮೇಲೆ ನನ್ನ ಸಲುವಾಗಿಯೇ ನೋಡತೊಡಗಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ, ಅದನ್ನೇ ಡೌನ್ ಅನ್ನುವುದು. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್. ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಗುವ ಆಳುಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುವಾಗ, ಮೂರು ಸೆಕೆಂಡಿನೊಳಗೆ ಎದುರಾಳಿಯ ವ್ಯೂಹ ಓದಿ, ಯಾರಿಗೆ ಎಸೆಯಬೇಕೆಂದು ತೀರ್ಮಾನಿಸಿ, ಎಸೆಯಬೇಕು. ಓಡಿ ಹೋಗಿ ಅದನ್ನು ಹಿಡಿಯುವವನು ರಿಸೀವರ್. ಆ ಎಸೆತದಿಂದ ತಂಡ ಎಷ್ಟು ಯಾರ್ಡ್ ಮುಂದೆ ಹೋಯಿತೋ ಅಷ್ಟು ಎಸೆದವನ ಲೆಕ್ಕಕ್ಕೆ. ಇಡೀ ತಂಡದ ಬುದ್ಧಿ ಆ ಒಬ್ಬನ ತಲೆಯಲ್ಲಿರುತ್ತದೆ ಅಂತ ನಂಬಿಕೆ.

ಆ ನಂಬಿಕೆಯ ಪಕ್ಕದಲ್ಲೇ ಇನ್ನೊಂದು ಕೆಟ್ಟ ನಂಬಿಕೆಯೂ ಇತ್ತು. ಕಪ್ಪು ಹುಡುಗರು ಓಡಬಲ್ಲರು, ಹಾರಿ ಚೆಂಡು ಹಿಡಿಯಬಲ್ಲರು, ಆದರೆ ಯೋಚಿಸಿ ತಂಡ ನಡೆಸುವ ಕೆಲಸ ಅವರದಲ್ಲ ಅಂತ. ಯಾರೂ ಕಾಗದದ ಮೇಲೆ ಬರೆದಿಡಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕಪ್ಪು ಆಟಗಾರ ಎನ್‌ಎಫ್‌ಎಲ್‌ಗೆ ಬಂದರೆ ಅವನನ್ನು ರಿಸೀವರ್ ಮಾಡುತ್ತಿದ್ದರು, ಇಲ್ಲವೇ ಡಿಫೆನ್ಸ್‌ಗೆ ಹಾಕುತ್ತಿದ್ದರು. ಮಾರ್ಲಿನ್ ಬ್ರಿಸ್ಕೊನ ಕತೆಯನ್ನೇ ನೋಡಿ. 1968ರಲ್ಲಿ ಡೆನ್ವರ್ ತಂಡದಲ್ಲಿ ಅವನಿಗೆ ಕ್ವಾರ್ಟರ್‌ಬ್ಯಾಕ್ ಆಡುವ ಅವಕಾಶ ಸಿಕ್ಕಿ, ಮೊದಲ ವರ್ಷದಲ್ಲೇ 14 ಟಚ್‌ಡೌನ್ ಪಾಸ್ ಎಸೆದ. ಮರುವರ್ಷ ಆ ತಂಡದಲ್ಲಿ ಅವನಿಗೆ ಜಾಗವೇ ಇರಲಿಲ್ಲ. ಬಫಲೋಗೆ ಹೋಗಿ ರಿಸೀವರ್ ಆದ, ಅಲ್ಲೂ ವರ್ಷದ ಅತ್ಯುತ್ತಮ ಆಟಗಾರರನ್ನು ಆರಿಸುವ ಪ್ರೊ ಬೌಲ್ ಮಟ್ಟಕ್ಕೆ ಏರಿದ. ಆದರೆ ಕ್ವಾರ್ಟರ್‌ಬ್ಯಾಕ್ ಕೆಲಸ ಅವನಿಗೆ ಮತ್ತೆ ಸಿಗಲಿಲ್ಲ. ಹೊಟ್ಟೆಪಾಡಿಗೆ ರಾಜಿಯಾದ ಆ ಆಟಗಾರರ ಬಗ್ಗೆ ನನಗೆ ಬೇಸರವಿಲ್ಲ. ಅವರನ್ನು ಆ ಇಕ್ಕಟ್ಟಿಗೆ ತಂದು ನಿಲ್ಲಿಸಿದವರ ಬಗ್ಗೆ ಇದೆ.

ಮೂನ್ ಹುಟ್ಟಿದ್ದು 1956ರ ನವೆಂಬರ್ 18ರಂದು, ಲಾಸ್ ಏಂಜಲಿಸ್‌ನಲ್ಲಿ. ಏಳು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ನರ್ಸ್. ಮನೆಯಲ್ಲಿ ಆರು ಹೆಣ್ಣುಮಕ್ಕಳ ನಡುವೆ ಇವನೊಬ್ಬನೇ ಗಂಡು. ಅಡುಗೆ, ಹೊಲಿಗೆ, ಇಸ್ತ್ರಿ ಎಲ್ಲ ಕಲಿತ. ದುಡಿದು ಮನೆಗೆ ಕೊಡಬೇಕಾದ್ದರಿಂದ ಹೈಸ್ಕೂಲಿನಲ್ಲಿ ಒಂದೇ ಆಟ ಆಡುವುದೆಂದು ತೀರ್ಮಾನಿಸಿ ಫುಟ್‌ಬಾಲ್ ಆರಿಸಿಕೊಂಡ. ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಜಾಗವನ್ನೇ ಹಿಡಿದ ಕಾರಣ ಸರಳ: ತನಗೆ ಗೊತ್ತಿದ್ದ ಹುಡುಗರೆಲ್ಲರಿಗಿಂತ ದೂರ, ಜೋರಾಗಿ, ನೇರವಾಗಿ ಎಸೆಯುವುದು ಅವನಿಗೆ ಬರುತ್ತಿತ್ತು.

ಹ್ಯಾಮಿಲ್ಟನ್ ಹೈಸ್ಕೂಲಿನಲ್ಲಿ ಚೆನ್ನಾಗಿ ಆಡಿದರೂ ದೊಡ್ಡ ವಿಶ್ವವಿದ್ಯಾಲಯಗಳು ಅವನನ್ನು ಬೇರೆ ಜಾಗಕ್ಕೆ ಕರೆದವು. ಹೋಗಲಿಲ್ಲ. ಬದಲಿಗೆ ವೆಸ್ಟ್ ಲಾಸ್ ಏಂಜಲಿಸ್ ಕಾಲೇಜು ಅನ್ನುವ ಎರಡು ವರ್ಷದ ಕೋರ್ಸಿನ ಕಾಲೇಜಿಗೆ ಸೇರಿದ, ಅಲ್ಲಾದರೂ ಕ್ವಾರ್ಟರ್‌ಬ್ಯಾಕ್ ಆಗಿ ಆಡಬಹುದು ಅಂತ. ಅಲ್ಲಿಂದ 1975ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದ. ಹೊಸದಾಗಿ ಬಂದಿದ್ದ ಕೋಚ್ ಡಾನ್ ಜೇಮ್ಸ್ ಕರೆದುಕೊಂಡರು, ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿಸಿದರು.

ತಂಡ ಮೊದಲೆರಡು ವರ್ಷ ಅಷ್ಟಕ್ಕಷ್ಟೇ. ಸ್ವಂತ ಮೈದಾನದಲ್ಲಿ, ಸ್ವಂತ ಜನರೇ ಮೂನ್‌ನನ್ನು ಹೀಯಾಳಿಸಿ ಕೂಗುತ್ತಿದ್ದರು. ಸೋಲಿಗೆ ಕ್ವಾರ್ಟರ್‌ಬ್ಯಾಕ್ ಬೈಸಿಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಬೈಗುಳದಲ್ಲಿ ಚರ್ಮದ ಬಣ್ಣ ಬೆರೆತಾಗ ಅದು ಆಟದ ಮಾತಾಗಿ ಉಳಿಯುವುದಿಲ್ಲ. ಜೇಮ್ಸ್ ಮಾತ್ರ ಅವನನ್ನು ಕೂರಿಸಲಿಲ್ಲ. 1977ರ ಸೀಸನ್‌ನ ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರು ಸೋತ ತಂಡ ಅಲ್ಲಿಂದ ಎದ್ದು ನಿಂತು, ಕಾಲೇಜು ಫುಟ್‌ಬಾಲ್‌ನ ಹೆಸರಾಂತ ಪಂದ್ಯ ರೋಸ್ ಬೌಲ್ ತನಕ ಹೋಯಿತು. 1978ರ ಜನವರಿ 2ರಂದು ಅಲ್ಲಿ ಮಿಶಿಗನ್ ತಂಡವನ್ನು 27-20ರಿಂದ ಸೋಲಿಸಿತು. ಗೆಲ್ಲುತ್ತದೆ ಅಂತ ಎಲ್ಲರೂ ಬರೆದಿದ್ದದ್ದು ಮಿಶಿಗನ್ ಬಗ್ಗೆ. ಮೂನ್ ಎರಡು ಟಚ್‌ಡೌನ್ ತಾನೇ ಓಡಿ ಗಳಿಸಿದ, ಇನ್ನೊಂದನ್ನು ಎಸೆದ, ಪಂದ್ಯದ ಅತ್ಯುತ್ತಮ ಆಟಗಾರನಾದ. ಮೂರು ವರ್ಷ ಕೂಗಿದವರು ಅವತ್ತು ಚಪ್ಪಾಳೆ ಹೊಡೆದರು.

ರೋಸ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್ ಅಂದಮೇಲೆ ಎನ್‌ಎಫ್‌ಎಲ್ ಬಾಗಿಲು ತಾನಾಗಿ ತೆರೆಯಬೇಕು. ಆ ವರ್ಷದ ಡ್ರಾಫ್ಟ್ ಹನ್ನೆರಡು ಸುತ್ತಿನದು. ಡ್ರಾಫ್ಟ್ ಅಂದರೆ ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ದಿನ. ಮೂನ್ ಬಗ್ಗೆ ವಿಚಾರಿಸಿದವರಿಗೆಲ್ಲ ಬೇಕಿದ್ದದ್ದು ಜಾಗ ಬದಲಿಸಲು ತಯಾರಿದ್ದ ಮೂನ್. ಹಾಗಾಗಿ ಡ್ರಾಫ್ಟ್‌ಗೂ ಮೊದಲೇ ಅವನು ಕೆನಡಾದ ಎಡ್ಮಂಟನ್ ತಂಡದ ಜತೆ ಸಹಿ ಮಾಡಿಬಿಟ್ಟ. ಹನ್ನೆರಡು ಸುತ್ತು ಮುಗಿದಾಗ ಯಾರೂ ಅವನ ಹೆಸರು ಕರೆದಿರಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ ಇನ್ನೊಬ್ಬ ಕಪ್ಪು ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್‌ನನ್ನು ಟ್ಯಾಂಪಾ ಬೇ ಮೊದಲ ಸುತ್ತಿನಲ್ಲೇ, 17ನೆಯವನಾಗಿ ಆರಿಸಿತು ಅನ್ನುವುದನ್ನೂ ಹೇಳಬೇಕು. ಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ಇಬ್ಬರು ಒಟ್ಟಿಗೆ ನುಗ್ಗುವಷ್ಟು ಅಗಲ ಮಾತ್ರ ಇರಲಿಲ್ಲ.

ಇಪ್ಪತ್ತೊಂದು ವರ್ಷದ ಹುಡುಗ ತನ್ನ ಕೈಯ ಬೆಲೆ ತನಗೆ ಗೊತ್ತು ಅಂತ ನಿಂತ ಆ ಗಳಿಗೆ ನನಗೆ ಅವನ ಇಡೀ ಆಟದ ಬದುಕಿನಲ್ಲೇ ದೊಡ್ಡದಾಗಿ ಕಾಣುತ್ತದೆ. ರಿಸೀವರ್ ಆಗುತ್ತೇನೆ ಅಂದಿದ್ದರೆ ಆ ವರ್ಷವೇ ಎನ್‌ಎಫ್‌ಎಲ್ ಸಂಬಳ ಎಣಿಸಬಹುದಿತ್ತು. ಅಮ್ಮ, ಅಕ್ಕತಂಗಿಯರ ಜವಾಬ್ದಾರಿ ಚಿಕ್ಕಂದಿನಿಂದ ಹೊತ್ತವನಿಗೆ ಆ ದುಡ್ಡು ಕಮ್ಮಿ ಆಸೆಯೇನಲ್ಲ.

ಕೆನಡಾದ ಫುಟ್‌ಬಾಲ್ ನೋಡಲು ಅಮೆರಿಕದ್ದೇ ಅನ್ನಿಸಿದರೂ ಲೆಕ್ಕ ಬೇರೆ. ಒಂದು ಕಡೆ ಹನ್ನೆರಡು ಜನ, ಮೂರೇ ಡೌನ್, ಮೈದಾನ 110 ಯಾರ್ಡ್ ಉದ್ದ, 65 ಯಾರ್ಡ್ ಅಗಲ. ಮೂರೇ ಅವಕಾಶ ಇರುವುದರಿಂದ ಎಸೆಯಲೇಬೇಕು, ಅಗಲ ಹೆಚ್ಚಿರುವುದರಿಂದ ದೂರಕ್ಕೆ ಎಸೆಯಬೇಕು. ಮೂನ್ ಕೈಗೆ ಹೇಳಿ ಮಾಡಿಸಿದ ಆಟ. ಕೋಚ್ ಹ್ಯೂ ಕ್ಯಾಂಬೆಲ್. ಮೊದಮೊದಲು ಅನುಭವಿ ಕ್ವಾರ್ಟರ್‌ಬ್ಯಾಕ್ ಟಾಮ್ ವಿಲ್ಕಿನ್ಸನ್ ಜತೆ ಜಾಗ ಹಂಚಿಕೊಂಡು ಆಡಿದ. ಅಲ್ಲಿನ ಚಾಂಪಿಯನ್‌ಶಿಪ್ ಆದ ಗ್ರೇ ಕಪ್ಪನ್ನು ಎಡ್ಮಂಟನ್ 1978ರಿಂದ 1982ರವರೆಗೆ ಸತತ ಐದು ವರ್ಷ ಗೆದ್ದಿತು.

ಆ ಐದರಲ್ಲಿ 1981ರ ಫೈನಲ್ ಬಗ್ಗೆ ನಿಂತು ಹೇಳಬೇಕು. ಎದುರಾಳಿ ಒಟ್ಟಾವ, ಲೀಗ್ ಹಂತದಲ್ಲಿ ಬರೀ ಐದು ಪಂದ್ಯ ಗೆದ್ದಿದ್ದ ತಂಡ. ಎಲ್ಲರೂ ಹಗುರವಾಗಿ ತೆಗೆದುಕೊಂಡಿದ್ದ ಆ ತಂಡ ಅರ್ಧ ಆಟ ಮುಗಿಯುವಾಗ 20-1ರಿಂದ ಮುಂದಿತ್ತು. ಮೂನ್ ಎಷ್ಟು ಕೆಟ್ಟದಾಗಿ ಆಡಿದನೆಂದರೆ ಕ್ಯಾಂಬೆಲ್ ಅವನನ್ನು ಹೊರಗೆ ಕೂರಿಸಿ ವಿಲ್ಕಿನ್ಸನ್‌ನನ್ನು ಕಳಿಸಿದರು. ಫೈನಲ್‌ನಲ್ಲಿ, ಎಲ್ಲರೆದುರು, ಅರ್ಧಕ್ಕೆ ಎಬ್ಬಿಸಿ ಕೂರಿಸುವುದು ಕ್ವಾರ್ಟರ್‌ಬ್ಯಾಕ್‌ಗೆ ಆಗುವ ದೊಡ್ಡ ಮುಖಭಂಗ. ದ್ವಿತೀಯಾರ್ಧದಲ್ಲಿ ಅದೇ ಮೂನ್‌ನನ್ನು ವಾಪಸ್ ಕಳಿಸಿದರು. ಅವನು ಎರಡು ಸಲ ತಾನೇ ಚೆಂಡು ಹಿಡಿದು ಗೆರೆ ದಾಟಿದ, ಸಮ ಮಾಡಿದ, ಕೊನೆಯ ಸೆಕೆಂಡುಗಳಲ್ಲಿ ಡೇವ್ ಕಟ್ಲರ್ ಕಂಬಗಳ ನಡುವೆ ಒದ್ದ ಫೀಲ್ಡ್ ಗೋಲ್‌ನಿಂದ 26-23 ಗೆಲುವು. ಮುಂದೆ ಅವನು ಆಡಿದ ಎಷ್ಟೋ ದೊಡ್ಡ ಪಂದ್ಯಗಳಿಗಿಂತ ಇದರಲ್ಲಿ ಅವನ ಸ್ವಭಾವ ನನಗೆ ಚೆನ್ನಾಗಿ ಕಾಣಿಸುತ್ತದೆ. ಕೂರಿಸಿದರೂ ಮುಖ ಗಂಟಿಕ್ಕಲಿಲ್ಲ, ಕರೆದಾಗ ಎದ್ದು ಬಂದು ಆಡಿದ.

1982ರಲ್ಲಿ ಒಂದು ಸೀಸನ್‌ಗೆ ಸರಿಯಾಗಿ 5,000 ಯಾರ್ಡ್ ಎಸೆದ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಆ ಗಡಿ ಮುಟ್ಟಿದ ಮೊದಲಿಗ. ಮರುವರ್ಷ 5,648 ಯಾರ್ಡ್, ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಕೆನಡಾದ ಆರು ವರ್ಷಗಳಲ್ಲಿ ಒಟ್ಟು 21,228 ಯಾರ್ಡ್. ಈಗ ಎನ್‌ಎಫ್‌ಎಲ್ ತಂಡಗಳು ಫೋನ್ ಮಾಡತೊಡಗಿದವು, ಅದೂ ಕ್ವಾರ್ಟರ್‌ಬ್ಯಾಕ್ ಬೇಕು ಅಂತ. ಜಾಗ ಬದಲಿಸುತ್ತೀಯಾ ಅನ್ನುವ ಪ್ರಶ್ನೆಯನ್ನು ಆಮೇಲೆ ಯಾರೂ ಕೇಳಲಿಲ್ಲ.

1984ರಲ್ಲಿ ಹ್ಯೂಸ್ಟನ್ ಆಯಿಲರ್ಸ್ ಸೇರಿದ. ಎಡ್ಮಂಟನ್‌ನಲ್ಲಿ ಅವನ ಕೋಚ್ ಆಗಿದ್ದ ಕ್ಯಾಂಬೆಲ್ ಅವರನ್ನೇ ಆಯಿಲರ್ಸ್ ಕೋಚ್ ಮಾಡಿಕೊಂಡಿತ್ತು. ಸಿಯಾಟಲ್ ಕೂಡ ಅವನಿಗಾಗಿ ಕೊನೆತನಕ ಪೈಪೋಟಿ ನಡೆಸಿತ್ತು. ಹಿಂದಿನ ವರ್ಷ ಎರಡೇ ಪಂದ್ಯ ಗೆದ್ದಿದ್ದ ಆಯಿಲರ್ಸ್ ಮೂನ್ ಬಂದ ವರ್ಷ ಗೆದ್ದದ್ದು ಮೂರು. ಕ್ಯಾಂಬೆಲ್ ಎರಡನೇ ಸೀಸನ್ ಮುಗಿಯುವ ಮೊದಲೇ ಕೆಲಸ ಕಳೆದುಕೊಂಡರು. 1986ರಲ್ಲಿ ಮೂನ್ 13 ಟಚ್‌ಡೌನ್ ಎಸೆದರೆ 26 ಸಲ ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟ. ಕೆನಡಾದ ಹುಲಿ ಇಲ್ಲಿ ನಡೆಯುವುದಿಲ್ಲ ಅಂತ ಮಾತಾಡಿದವರು ಬಹಳ ಜನ. ಹಿರಿಯರು ಹೇಳುತ್ತಿದ್ದರು, ಆಸ್ಟ್ರೋಡೋಮ್‌ನ ಸ್ಟ್ಯಾಂಡ್‌ನಲ್ಲಿ ಆಗ ಕೇಳಿಬರುತ್ತಿದ್ದ ಕೆಲವು ಮಾತುಗಳನ್ನು ಮಕ್ಕಳೆದುರು ಹೇಳಲಾಗದು ಅಂತ. ಮೂನ್ ಮನೆಯವರೂ ಅದೇ ಸ್ಟ್ಯಾಂಡ್‌ನಲ್ಲಿ ಕೂತು ಕೇಳಬೇಕಾಗುತ್ತಿತ್ತು.

1987ರಿಂದ ಚಕ್ರ ತಿರುಗಿತು. ಅಲ್ಲಿಂದ ಸತತ ಏಳು ಸೀಸನ್ ಆಯಿಲರ್ಸ್ ಪ್ಲೇಆಫ್ ತಲುಪಿತು. ಅದರ ನಡುವೆ, 1988ರ ಜನವರಿ 31ರಂದು, ಡಗ್ ವಿಲಿಯಮ್ಸ್ ವಾಷಿಂಗ್ಟನ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟ. ಆಟದ ನಾಲ್ಕು ಭಾಗಗಳಲ್ಲಿ ಎರಡನೆಯದು, ಆ ಎರಡನೇ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಪಾಸ್. 1978ರ ಆ ಇಬ್ಬರು ಹುಡುಗರಲ್ಲಿ ಒಬ್ಬ ಶಿಖರ ಮುಟ್ಟಿದ್ದ, ಇನ್ನೊಬ್ಬ ಹತ್ತುತ್ತಿದ್ದ.

ಮೂನ್ ಆಟ ಪೂರ್ತಿ ಅರಳಿದ್ದು 1990ರಲ್ಲಿ, ಜ್ಯಾಕ್ ಪಾರ್ಡಿ ಕೋಚ್ ಆಗಿ ಬಂದು ರನ್ ಅಂಡ್ ಶೂಟ್ ಪದ್ಧತಿಯನ್ನು ಪೂರ್ತಿಯಾಗಿ ತಂದಾಗ. ಪ್ರತಿ ಪ್ಲೇಯಲ್ಲೂ ನಾಲ್ಕು ರಿಸೀವರ್‌ಗಳು, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಒಬ್ಬನೇ, ಎದುರಾಳಿಯನ್ನು ತಡೆಯುತ್ತ ಚೆಂಡನ್ನೂ ಹಿಡಿಯುವ ಟೈಟ್ ಎಂಡ್ ಇಲ್ಲವೇ ಇಲ್ಲ. ಹೇವುಡ್ ಜೆಫೈರ್ಸ್, ಅರ್ನೆಸ್ಟ್ ಗಿವಿನ್ಸ್, ಡ್ರೂ ಹಿಲ್, ಕರ್ಟಿಸ್ ಡಂಕನ್ ಅಂತ ನಾಲ್ವರು.

ರೆಕಾರ್ಡಿಂಗ್ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಈ ಪದ್ಧತಿಯ ಕಷ್ಟ ಗೊತ್ತಾಗುತ್ತದೆ. ಒಳಗಡೆ ನಿಂತ ಗಿವಿನ್ಸ್, ಸ್ನ್ಯಾಪ್ ಆದ (ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದ) ಕೂಡಲೇ ನೇರ ಮುಂದಕ್ಕೆ ಓಡುತ್ತಾನೆ. ಅವನ ಓಟ ಎಲ್ಲಿ ಮುಗಿಯಬೇಕೆಂದು ಮೊದಲೇ ಬರೆದಿಟ್ಟಿಲ್ಲ. ಎದುರಿನ ಡಿಫೆಂಡರ್ ಹಿಂದೆ ಸರಿದರೆ ನಿಂತು ತಿರುಗಬೇಕು, ಮೇಲೆ ಬಂದರೆ ಅವನನ್ನು ದಾಟಿ ಓಡಬೇಕು, ಒಳಗೆ ನಿಂತಿದ್ದರೆ ಹೊರಗೆ ಮುರಿಯಬೇಕು. ಅತ್ತ ಮೂನ್ ಒಂದು ಪಕ್ಕಕ್ಕೆ ನಾಲ್ಕೈದು ಹೆಜ್ಜೆ ಜರುಗುತ್ತ ಅದೇ ಡಿಫೆಂಡರ್‌ನ ಪಾದ ನೋಡುತ್ತಿರುತ್ತಾನೆ. ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ತೀರ್ಮಾನಕ್ಕೆ ಬರಬೇಕು. ಗಿವಿನ್ಸ್ ತಿರುಗುವ ಮೊದಲೇ ಚೆಂಡು ಮೂನ್ ಕೈ ಬಿಟ್ಟಿರುತ್ತದೆ. ಒಬ್ಬ ತಪ್ಪು ಓದಿದರೂ ಚೆಂಡು ಎದುರಾಳಿಯ ಕೈಗೆ. ಯೋಚಿಸುವ ಜಾಗಕ್ಕೆ ಇವರು ಬೇಡ ಅಂದಿದ್ದ ಲೀಗ್‌ನಲ್ಲಿ, ಅತಿ ಹೆಚ್ಚು ಯೋಚನೆ ಬೇಡುವ ಪದ್ಧತಿಯನ್ನು ನಡೆಸಿ ತೋರಿಸುತ್ತಿದ್ದವನು ಇವನು.

ಎಸೆತದ ಬಗ್ಗೆಯೂ ಹೇಳಲೇಬೇಕು. ಚೆಂಡನ್ನು ಕಿವಿಯ ಪಕ್ಕ ಎತ್ತರದಲ್ಲಿ ಹಿಡಿದಿರುತ್ತಿದ್ದ, ತೋಳು ಹಿಂದಕ್ಕೆ ಹೋದದ್ದೇ ಕಾಣದಂತೆ ಬಿಡುತ್ತಿದ್ದ. ಒಳ್ಳೆಯ ಬುಗುರಿಯ ಹಾಗೆ ಒಂದಿಷ್ಟೂ ಅಲುಗದೆ ತಿರುಗುತ್ತ ಹೋಗುತ್ತಿತ್ತು. ದೂರದ ಎಸೆತದಲ್ಲಿ ಚೆಂಡಿನ ಮೂತಿ ಮೇಲಕ್ಕಿದ್ದದ್ದು ಕೊನೆಗೆ ಕೆಳಗೆ ಬಾಗಿ, ಓಡುತ್ತಿರುವವನ ಕೈಗೆ ಮೇಲಿನಿಂದ ಇಳಿಯುತ್ತಿತ್ತು. ಈಗಿನವರಲ್ಲಿ ಅವನಿಗಿಂತ ಜೋರಾಗಿ ಎಸೆಯುವವರಿದ್ದಾರೆ. ಅಷ್ಟು ಚೆಂದವಾಗಿ ಎಸೆಯುವವರನ್ನು ನಾನು ಕಂಡಿಲ್ಲ.

ಆ ವರ್ಷ ಡಿಸೆಂಬರ್ 16ರಂದು ಕನ್ಸಾಸ್ ಸಿಟಿಯಲ್ಲಿ, ಚೀಫ್ಸ್ ತಂಡದ ಸ್ವಂತ ಮೈದಾನದಲ್ಲಿ, ಒಂದೇ ಪಂದ್ಯದಲ್ಲಿ 527 ಯಾರ್ಡ್ ಎಸೆದ. 45 ಎಸೆತಗಳಲ್ಲಿ 27 ಗುರಿ ಮುಟ್ಟಿದವು, ಮೂರು ಟಚ್‌ಡೌನ್. ಜೆಫೈರ್ಸ್ ಒಬ್ಬನೇ 245 ಯಾರ್ಡ್ ಹಿಡಿದ. ಎನ್‌ಎಫ್‌ಎಲ್ ಇತಿಹಾಸದಲ್ಲಿ ಅದಕ್ಕಿಂತ ಹೆಚ್ಚು ಎಸೆದವನು ಅಲ್ಲಿಯತನಕ ಒಬ್ಬನೇ, 1951ರಲ್ಲಿ 554 ಯಾರ್ಡ್ ಎಸೆದ ನಾರ್ಮ್ ವ್ಯಾನ್ ಬ್ರಾಕ್ಲಿನ್. ಮುಂದಿನ ವಾರವೇ ಎಸೆಯುವ ಕೈಯ ಹೆಬ್ಬೆರಳು ಕೀಲು ತಪ್ಪಿ, ಪ್ಲೇಆಫ್‌ಗೆ ಮೂನ್ ಇಲ್ಲದ ಆಯಿಲರ್ಸ್ ಹೋಗಿ ಸೋತಿತು. ಅವನ ಎನ್‌ಎಫ್‌ಎಲ್ ಹಣೆಬರಹ ಬಹುತೇಕ ಹೀಗೆಯೇ.

1991ರಲ್ಲಿ 4,690 ಯಾರ್ಡ್, 404 ಯಶಸ್ವಿ ಪಾಸ್, ಆ ಕಾಲದ ದಾಖಲೆ. ಪ್ಲೇಆಫ್‌ನಲ್ಲಿ ಡೆನ್ವರ್ ವಿರುದ್ಧ ಗೆಲುವು ಕೈಯಲ್ಲಿದ್ದಾಗ ಜಾನ್ ಎಲ್ವೇ ತನ್ನ 2 ಯಾರ್ಡ್ ಗೆರೆಯಿಂದ ತಂಡವನ್ನು ಮೈದಾನದುದ್ದಕ್ಕೂ ನಡೆಸಿಕೊಂಡು ಬಂದು 26-24ರಿಂದ ಗೆದ್ದ.

ಆಮೇಲೆ ಬಫಲೋ. 1993ರ ಜನವರಿ 3. ಈ ಪಂದ್ಯದ ಹೆಸರೆತ್ತಿದರೆ ನಮ್ಮ ಹಿರಿಯರು ಇವತ್ತಿಗೂ ಮಾತು ಬದಲಿಸುತ್ತಾರೆ. ಮೊದಲರ್ಧದಲ್ಲಿ ಮೂನ್ 22 ಎಸೆತಗಳಲ್ಲಿ 19 ಗುರಿ ಮುಟ್ಟಿಸಿದ, ನಾಲ್ಕು ಟಚ್‌ಡೌನ್, 28-3. ಮೂರನೇ ಕ್ವಾರ್ಟರ್ ಶುರುವಾದ ಕೂಡಲೇ ಬಬ್ಬಾ ಮೆಕ್‌ಡೊವೆಲ್ ಚೆಂಡು ಕಸಿದು 58 ಯಾರ್ಡ್ ಓಡಿ 35-3 ಮಾಡಿದ. ಬಫಲೋದ ಮುಖ್ಯ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ ಗಾಯಗೊಂಡು ಹೊರಗೆ, ಆಡುತ್ತಿದ್ದದ್ದು ಬದಲಿ ಆಟಗಾರ ಫ್ರ್ಯಾಂಕ್ ರೈಕ್. ಅಲ್ಲಿಂದ ಬಫಲೋ ಆ ಒಂದೇ ಕ್ವಾರ್ಟರ್‌ನಲ್ಲಿ 28 ಪಾಯಿಂಟ್ ಗಳಿಸಿತು. ನಿಗದಿತ ಆಟ 38-38. ಹೆಚ್ಚುವರಿ ಸಮಯದಲ್ಲಿ ಮೂನ್ ಎಸೆದ ಚೆಂಡನ್ನು ನೇಟ್ ಓಡಮ್ಸ್ ಕಸಿದ, ಸ್ಟೀವ್ ಕ್ರಿಸ್ಟಿ ಫೀಲ್ಡ್ ಗೋಲ್ ಒದ್ದ, 41-38. ಅಷ್ಟು ಹಿಂದಿದ್ದು ಗೆದ್ದ ದಾಖಲೆ ಸುಮಾರು ಮೂವತ್ತು ವರ್ಷ ಉಳಿಯಿತು. 2022ರ ಡಿಸೆಂಬರ್‌ನಲ್ಲಿ ಮಿನೆಸೋಟ 33 ಪಾಯಿಂಟ್ ಹಿಂದಿದ್ದು ಗೆದ್ದ ಮೇಲೆಯೇ ಅದು ಮುರಿದದ್ದು.

ಈ ಸೋಲನ್ನು ಮೂನ್ ತಲೆಗೆ ಕಟ್ಟುವವರನ್ನು ನಾನು ಒಪ್ಪುವುದಿಲ್ಲ. ಆ ಕೊನೆಯ ಎಸೆತ ಅವನದೇ, ಸರಿ. ಆದರೆ ನಾಲ್ಕು ರಿಸೀವರ್ ಇಟ್ಟುಕೊಂಡ ಪದ್ಧತಿಗೆ ಗಡಿಯಾರ ಓಡಿಸುವ ಶಕ್ತಿ ಇಲ್ಲ. ಪಾಸ್ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. 32 ಪಾಯಿಂಟ್ ಮುಂದಿರುವ ತಂಡಕ್ಕೆ ಬೇಕಾದದ್ದು ಚೆಂಡು ಹೊತ್ತು ನುಗ್ಗಿ, ಬಿದ್ದು, ಎದ್ದು, ಹೊತ್ತು ಕಳೆಯುವ ಆಟ. ಆಯಿಲರ್ಸ್‌ಗೆ ಅದು ಬರುತ್ತಿರಲಿಲ್ಲ. ಅತ್ತ ಡಿಫೆನ್ಸ್ ಒಂದಾದ ಮೇಲೊಂದು ಟಚ್‌ಡೌನ್ ಬಿಟ್ಟುಕೊಡುತ್ತಿತ್ತು. ಮೂನ್ ಆ ದಿನ 371 ಯಾರ್ಡ್ ಎಸೆದಿದ್ದ.

1993ರ ಸೀಸನ್‌ನ ತಂಡ ಇನ್ನೂ ವಿಚಿತ್ರ. ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಸೋತು, ಆಮೇಲೆ ಸತತ ಹನ್ನೊಂದು ಗೆದ್ದಿತು. ಆ ಹನ್ನೊಂದನೆಯ ಗೆಲುವಿನ ದಿನ ಡಿಫೆನ್ಸ್ ಕೋಚ್ ಬಡ್ಡಿ ರಯಾನ್, ಸ್ವಂತ ತಂಡದ ಆಫೆನ್ಸ್ ಕೋಚ್ ಕೆವಿನ್ ಗಿಲ್‌ಬ್ರೈಡ್‌ಗೆ ಟಿವಿ ಕ್ಯಾಮೆರಾ ಎದುರೇ ಗುದ್ದಿದರು. ಪ್ಲೇಆಫ್‌ನಲ್ಲಿ ಜೋ ಮೊಂಟಾನ ಆಡುತ್ತಿದ್ದ ಕನ್ಸಾಸ್ ಸಿಟಿ ಆಸ್ಟ್ರೋಡೋಮ್‌ಗೇ ಬಂದು 28-20ರಿಂದ ಸೋಲಿಸಿ ಹೋಯಿತು. ಅದೇ ಕೊನೆ. 1994ರಲ್ಲಿ ಮೂನ್‌ನನ್ನು ಮಿನೆಸೋಟಗೆ ಕೊಟ್ಟುಬಿಟ್ಟರು.

ಮಿನೆಸೋಟದಲ್ಲಿ ಎರಡು ಸೀಸನ್ ಎಡೆಬಿಡದೆ ನಾಲ್ಕು ಸಾವಿರ ಯಾರ್ಡ್ ದಾಟಿದ. ಅದೇ ಕಾಲದಲ್ಲಿ ಇನ್ನೊಂದು ನಡೆಯಿತು, ಅದನ್ನು ಬಿಟ್ಟು ಬರೆಯಲು ನನಗೆ ಮನಸ್ಸಿಲ್ಲ. 1995ರ ಜುಲೈನಲ್ಲಿ ಹೆಂಡತಿಯ ಮೇಲೆ ಕೈಮಾಡಿದ ಆರೋಪದಲ್ಲಿ ಮೂನ್ ಬಂಧನವಾಯಿತು. ಅವನು ಸುದ್ದಿಗೋಷ್ಠಿಯಲ್ಲಿ ಕ್ಷಮೆ ಕೇಳಿದ. 1996ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಜ್ಯೂರಿ ನಿರ್ದೋಷಿ ಎಂದು ತೀರ್ಪು ಕೊಟ್ಟಿತು. 1989ರಲ್ಲಿ ಸಮಾಜಸೇವೆಗಾಗಿ ಎನ್‌ಎಫ್‌ಎಲ್‌ನ ಮ್ಯಾನ್ ಆಫ್ ದಿ ಇಯರ್ ಗೌರವ ಪಡೆದವನು, ಬಡ ಮಕ್ಕಳ ಓದಿಗೆಂದು ಕ್ರೆಸೆಂಟ್ ಮೂನ್ ಫೌಂಡೇಶನ್ ಕಟ್ಟಿದವನು ಇದೇ ಮನುಷ್ಯ. ಎರಡೂ ಅವನ ಬದುಕಿನಲ್ಲಿ ಇವೆ. ಅವನ ಆಟವನ್ನು ಇಷ್ಟಪಡುವುದಕ್ಕಾಗಿ ಒಂದನ್ನು ಮುಚ್ಚಿಡುವುದು ನನ್ನಿಂದಾಗದು.

1997ರಲ್ಲಿ ಕಾಲೇಜು ಆಡಿದ ಊರಿಗೇ, ಸಿಯಾಟಲ್ ಸೀಹಾಕ್ಸ್ ತಂಡಕ್ಕೆ, ಬದಲಿ ಆಟಗಾರನಾಗಿ ಬಂದ. ಮುಖ್ಯ ಕ್ವಾರ್ಟರ್‌ಬ್ಯಾಕ್‌ಗೆ ಗಾಯವಾಗಿ ಆಡಬೇಕಾಯಿತು. ಆ ಅಕ್ಟೋಬರ್‌ನಲ್ಲಿ, 41 ತುಂಬಲು ಇನ್ನು ಕೆಲವೇ ವಾರವಿದ್ದಾಗ, ಓಕ್ಲೆಂಡ್ ವಿರುದ್ಧ 409 ಯಾರ್ಡ್, ಐದು ಟಚ್‌ಡೌನ್. ಯುವಕನಿದ್ದಾಗ ಹೀಯಾಳಿಸಿದ್ದ ಊರು ಈಗ ಎದ್ದು ನಿಂತು ನೋಡಿತು. ಕೊನೆಯ ಎರಡು ವರ್ಷ ಕನ್ಸಾಸ್ ಸಿಟಿಯ ಬೆಂಚಿನಲ್ಲಿ ಕಳೆದು 44ನೇ ವಯಸ್ಸಿನಲ್ಲಿ ನಿವೃತ್ತನಾದ. ಎನ್‌ಎಫ್‌ಎಲ್‌ನಲ್ಲಿ 49,325 ಯಾರ್ಡ್, 291 ಟಚ್‌ಡೌನ್, ಒಂಬತ್ತು ಪ್ರೊ ಬೌಲ್. ಚೆಂಡು ಕೈಜಾರಿಸಿದ್ದರಲ್ಲೂ ಅವನ ಲೆಕ್ಕ ದೊಡ್ಡದೇ, 161 ಫಂಬಲ್. ಕೆನಡಾದ್ದನ್ನೂ ಸೇರಿಸಿದರೆ ಒಟ್ಟು 70,553 ಯಾರ್ಡ್.

2006ರ ಆಗಸ್ಟ್‌ನಲ್ಲಿ ಒಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿಕೊಂಡರು. ಅಲ್ಲಿಗೆ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್. ಕೆನಡಾ ಅದಕ್ಕೂ ಐದು ವರ್ಷ ಮೊದಲೇ ತನ್ನ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಕೊಟ್ಟಿತ್ತು. ಕ್ಯಾಂಟನ್ ವೇದಿಕೆಯ ಮೇಲೆ ಅವನು ಮಾತಾಡಿದ ರೀತಿ ನನಗೆ ಮನಸ್ಸಿಗೆ ನಾಟಿತು. ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅನ್ನಿಸಿಕೊಳ್ಳುವುದು ತನಗೆ ಮುಜುಗರ, ಬರೀ ಕ್ವಾರ್ಟರ್‌ಬ್ಯಾಕ್ ಅಂತ ಅಳೆಯಲಿ ಅಂತಲೇ ಯಾವತ್ತೂ ಬಯಸಿದ್ದೆ ಅಂದ. ಜತೆಗೇ, ಆ ಭಾರ ಇದ್ದದ್ದು ನಿಜ, ಅದನ್ನು ಹೊತ್ತೇ ಆಡಿದೆ ಅಂತಲೂ ಒಪ್ಪಿಕೊಂಡ. 2023ರ ಫೆಬ್ರವರಿಯಲ್ಲಿ ಪ್ಯಾಟ್ರಿಕ್ ಮಹೋಮ್ಸ್, ಜೇಲನ್ ಹರ್ಟ್ಸ್ ಎದುರುಬದುರಾಗಿ ಸೂಪರ್ ಬೌಲ್ ಆಡಿದರು. ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್ ಇದ್ದದ್ದು ಅದೇ ಮೊದಲು. ಅವರಲ್ಲಿ ಯಾರನ್ನೂ ರಿಸೀವರ್ ಆಗು ಅಂತ ಎನ್‌ಎಫ್‌ಎಲ್ ಕೇಳಿರಲಿಲ್ಲ.

ಅವನ 1ನೇ ನಂಬರಿನ ಜೆರ್ಸಿಯನ್ನು ಗೌರವದಿಂದ ನಿವೃತ್ತಿ ಮಾಡಿರುವುದು ಟೆನೆಸಿ ಟೈಟನ್ಸ್, ಅವನು ಒಂದು ದಿನವೂ ಆಡದ ಊರಿನಲ್ಲಿ. ಆಯಿಲರ್ಸ್ ಇತಿಹಾಸವೆಲ್ಲ ಕಾನೂನಿನ ಪ್ರಕಾರ ಅವರ ಆಸ್ತಿ. 2023ರಲ್ಲಿ ಅವರು ಆ ತಿಳಿನೀಲಿ ಜೆರ್ಸಿ ತೊಟ್ಟು ಹ್ಯೂಸ್ಟನ್‌ನ ಈಗಿನ ತಂಡ ಟೆಕ್ಸನ್ಸ್ ವಿರುದ್ಧವೇ ಆಡಿದಾಗ ಹಿರಿಯರಿಗೆ ಬಂದ ಕೋಪವನ್ನು ನಾನು ಫೋನಿನಲ್ಲೇ ಕೇಳಿದೆ. ಅವರ ಪರ ನಾನೂ ಇದ್ದೇನೆ. ಆ ಬಣ್ಣ ಹ್ಯೂಸ್ಟನ್‌ಗೆ ಸೇರಿದ್ದು, ಆ ನಂಬರ್ ಹ್ಯೂಸ್ಟನ್ ಮೈದಾನದಲ್ಲಿ ತೂಗಬೇಕಾದ್ದು.

ಮೂನ್ ಆಟ ನೋಡಬೇಕು ಅನ್ನಿಸಿದವರು ಎಡ್ಮಂಟನ್‌ನ 1981ರ ಫೈನಲ್‌ನಿಂದ ಶುರು ಮಾಡಿ, ಆಮೇಲೆ 1990ರ ಕನ್ಸಾಸ್ ಸಿಟಿ ಪಂದ್ಯ ನೋಡಿ. ಬಫಲೋ ಪಂದ್ಯ ನೋಡುವುದಾದರೆ ಹೈಲೈಟ್ಸ್ ಬೇಡ, ಅದರಲ್ಲಿ ರೈಕ್ ಎಸೆದದ್ದು ಮಾತ್ರ ಸಿಗುತ್ತದೆ. ಪೂರ್ತಿ ಪಂದ್ಯ ಹುಡುಕಿ, ಮೊದಲರ್ಧದ ಆ 22 ಎಸೆತಗಳನ್ನು ಒಂದೂ ಬಿಡದೆ ನೋಡಿ.